ನಾಲ್ಕನೆಯ ಕಾಲು

ಜನವರಿ 12
ಹಡಗಿನಿಂದ

ಅತ್ತಿಗೆಮ್ಮನವರ ಸನ್ನಿಧಾನಕ್ಕೆ,

ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ನನ್ನ ಬುತ್ತಿಯನ್ನೂ ತಿಂದು, ಕೊನೆಗೆ ನನ್ನ ಅಣ್ಣನನ್ನೂ ಹಾರಿಸಿಕೊಂಡು ಹೋದವಳನ್ನು ಹೀಗೆ ಮರ್ಯಾದೆಯಿಂದ ಕರೆಯಲು ನನಗೇನೂ ಆಸೆಯಿಲ್ಲ. ಆದರೆ ಪತ್ರ ಅಂದಮೇಲೆ ಒಂದು ಲಕ್ಷಣ ಬೇಕಲ್ಲ.

ಇನ್ನು ಮೇಲೆ ಫೋನು ಬೇಡ, ಕಾಗದವೇ ಇರಲಿ. ಇಲ್ಲಿ ನನಗೆ ಸಿಗ್ನಲ್ಲು ಸಿಗುವುದಿಲ್ಲ, ಅಲ್ಲಿ ನಿನಗೆ ಉಸಿರು ಸಿಗುವುದಿಲ್ಲ. ಹೋದ ಸಲ "ಹೇಗಿದ್ದೀಯೇ" ಅನ್ನುವಷ್ಟರಲ್ಲೇ ನೀನು ಎರಡು ಕಡೆ ನಿಂತು ದಣಿವಾರಿಸಿಕೊಂಡೆ. ಕಾಗದದ ಮೇಲಾದರೆ ಎಷ್ಟು ಉದ್ದ ಬೇಕಾದರೂ ಬೈಯಬಹುದು, ಏದುಸಿರು ಬರುವುದಿಲ್ಲ. ವಾರಕ್ಕೊಮ್ಮೆ ಸಾಮಾನಿನ ದೋಣಿ ಬರುತ್ತದೆ. ಟಪಾಲೂ ಅದರಲ್ಲೇ, ಈರುಳ್ಳಿಯ ಜೊತೆಗೆ. ವಾಸನೆ ಬಂದರೆ ಅದು ನನ್ನದಲ್ಲ.

ಸಮುದ್ರದ ನಡುವೆ ಕಬ್ಬಿಣದ ಕೊಳವೆ ನೆಡುವ ಹಡಗು ಇದು. ಕೆಲವು ಕೊಳವೆಯ ಬಾಯೊಳಗೆ ಅಣ್ಣನ ಬಸ್ಸು ಸಲೀಸಾಗಿ ನುಗ್ಗಬಹುದು. ಕೊಳವೆಯ ಮೇಲೆ ಕಂಬ, ಕಂಬದ ತುದಿಗೆ ರೆಕ್ಕೆ, ರೆಕ್ಕೆಗೆ ಗಾಳಿ, ಗಾಳಿಯಿಂದ ಕರೆಂಟು, ಕರೆಂಟು ಬಂದ ದಿನ ನಿಮ್ಮ ಬೀದಿಯ ಕಾರ್ಖಾನೆ ಚಿಮಣಿಗೆ ರಜೆ. ಇದನ್ನೆಲ್ಲ ನಡೆಸುವವರು ಒಬ್ಬ ಮೇಸ್ತ್ರಿ. ದೊಡ್ಡ ಸುತ್ತಿಗೆ ಅವರ ಸುಪರ್ದಿಯಲ್ಲಿರುವುದರಿಂದ ಎಲ್ಲರೂ ಅವರನ್ನು ಸುತ್ತಿಗೆ ಮಾವ ಅನ್ನುತ್ತಾರೆ. ಒಳ್ಳೆಯವರು. ಸಿಟ್ಟು ಬಂದಾಗ ಟೋಪಿ ತೆಗೆದು ಅದಕ್ಕೆ ಬೈಯುತ್ತಾರೆ, ಮನುಷ್ಯರಿಗಲ್ಲ.

ನನ್ನ ಕೆಲಸ ಏನು ಅಂತ ಕೇಳಿದ್ದೆಯಲ್ಲ. ಉಗ್ರಾಣ. ಸೋಪು, ಹಗ್ಗ, ಉಪ್ಪು, ಬಲ್ಬು ಎಲ್ಲ ನನ್ನ ಕೈಕೆಳಗೆ. ಬೀಗದ ಕೈಗಳ ಗೊಂಚಲು ಭಾರ, ಕೊರಳಿಗೆ ಹಾಕಿಕೊಳ್ಳಲು ಅಗಲವಾದ, ಒಳಗೆ ಹತ್ತಿ ತುಂಬಿದ ಒಂದು ಬಟ್ಟೆ ಪಟ್ಟಿ ಹೊಲಿದು ಕಳಿಸು. ಹಡಗಿನವರು ಕೊಟ್ಟದ್ದು ಕತ್ತು ಕೊಯ್ಯುತ್ತದೆ.

ಇನ್ನೊಂದು ಮಾತು, ನೂರನೇ ಸಲ. ಬಂದರಿನಲ್ಲಿ ನನ್ನ ಬಾಡಿಗೆ ಕೋಣೆ ಖಾಲಿ ಬಿದ್ದಿದೆ. ಸಮುದ್ರದ ಕಡೆಗೆ ಕಿಟಕಿ, ಗಾಳಿ ಪುಕ್ಕಟೆ. ಕೀಲಿ ಮನೆಯೊಡತಿ ಹತ್ತಿರ ಇದೆ. ಹೋಗಿ ಇರಬಾರದಾ?

ಹಳೇ ಆಟ ಮರೆತಿಲ್ಲ ತಾನೇ? ನಾನೊಂದು ಸಾಲು, ನೀನೊಂದು ಸಾಲು:

ಕಡಲಿಗೆ ಬಂದೆ, ಕಾಲಿಗೆ ನೆಲವಿಲ್ಲ;

ನಿನ್ನ ನಾದಿನಿ


ಜನವರಿ 25

ನಾದಿನಿ ಮಹಾರಾಣಿಗೆ,

ಒಡಲಿಗೆ ಉಪ್ಪು, ತಲೆಗೆ ಎಣ್ಣೆಯಿಲ್ಲ.

ತಗೋ, ಬಾಕಿ ತೀರಿತು. ಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದು, ಸೋಡಾಪುಡಿ ಡಬ್ಬಿ ಯಾವುದು ಅಂತ ಗೊತ್ತಿಲ್ಲದವಳಿಗೆ ಹಡಗಿನ ಉಗ್ರಾಣ ಕೊಟ್ಟ ಪುಣ್ಯಾತ್ಮ ಯಾರು? ಆ ಹಡಗು ತೇಲುತ್ತಿರುವುದೇ ಆಶ್ಚರ್ಯ.

ಪಟ್ಟಿ ಹೊಲಿದಿದ್ದೇನೆ. ಅಡುಗೆಮನೆ ಕಿಟಕಿಯ ಹಳೇ ಪರದೆ ನೆನಪಿದೆಯಾ, ಹಳದಿ ಹೂವಿನದು? ಅದೇ ಬಟ್ಟೆ. ನಿನ್ನ ಅಣ್ಣ ನೋಡಿ, "ಬೀಗದ ಕೈಗೆ ಇಷ್ಟು ಅಗಲ ಪಟ್ಟಿಯಾ? ಎಮ್ಮೆ ಕಟ್ಟಬಹುದು" ಅಂದರು. ಈ ವಾರ ಅವರು ಆಡಿದ ಮಾತುಗಳಲ್ಲಿ ಅದೇ ಉದ್ದದ್ದು.

ಅವರ ಸುದ್ದಿ ಹೊಸದೇನಿಲ್ಲ. ಬಸ್ಸು ಓಡಿಸುತ್ತಾರೆ ಅನ್ನುವುದಕ್ಕಿಂತ ನಿಲ್ಲಿಸುತ್ತಾರೆ ಅನ್ನುವುದೇ ಸರಿ. ದೂರದಲ್ಲಿ ಯಾರಾದರೂ ಕೈ ಅಡ್ಡ ಹಿಡಿದ ಹಾಗೆ ಕಂಡರೆ ಸಾಕು, ಬ್ರೇಕು. ಮೊನ್ನೆ ಬೇಲಿಯ ಮೇಲೆ ಯಾರೋ ಅಂಗಿ ಒಣಹಾಕಿದ್ದರಂತೆ. ತೋಳು ಗಾಳಿಗೆ ಆಡಿತು. ಇವರು ನಿಲ್ಲಿಸಿ, ಬಾಗಿಲು ತೆಗೆದು, ಅಂಗಿ ಹತ್ತಲಿ ಅಂತ ಕಾದರು. ಬಸ್ಸಿನವರೆಲ್ಲ ನಕ್ಕರು. "ಮನುಷ್ಯ ಆಗಿದ್ರೆ?" ಅಂದು ಮುಂದೆ ಹೊರಟರಂತೆ.

ಬೆಳಿಗ್ಗೆ ಎದ್ದು ಕಿಟಕಿ ಕಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸುವುದು ನನ್ನ ದಿನಚರಿ. ಗಾಳಿ ಆ ಕಡೆಗಿದ್ದರೆ ಬಟ್ಟೆ ಬೂದು, ಈ ಕಡೆಗಿದ್ದರೆ ಕಪ್ಪು. ಬಿಳಿ ಉಳಿದ ದಿನ ಹಬ್ಬ ಮಾಡೋಣ ಅಂದುಕೊಂಡಿದ್ದೇನೆ, ಹಬ್ಬ ಇನ್ನೂ ಬಂದಿಲ್ಲ. ಎದುರು ಮನೆ ಪುಟಾಣಿ, ಕೋಳಿಮರಿ ಅಂತ ಕರೀತೀವಲ್ಲ, ಅದಕ್ಕೂ ಕೆಮ್ಮು ಹಿಡಿದಿದೆ. ನಾನು ಈ ಕಡೆ ಕೆಮ್ಮಿದರೆ ಅದು ಆ ಕಡೆ ಕೆಮ್ಮುತ್ತದೆ. ಜುಗಲಬಂದಿ. ನಿಮ್ಮ ಗಾಳಿ ಕರೆಂಟು ಬಂದ ದಿನವೇ ಕಲ್ಲಿದ್ದಲು ಸುಡುವುದು ನಿಲ್ಲಿಸುತ್ತೇವೆ ಅಂತ ಕಾರ್ಖಾನೆಯವರು ಬರೆದುಕೊಟ್ಟಿದ್ದಾರೆ. ಬೀದಿಗೆ ಬೀದಿಯೇ ಅದಕ್ಕೆ ಬಾಯಿ ಬಿಟ್ಟುಕೊಂಡು ಕೂತಿದೆ. ಬಾಯಿ ಬಿಟ್ಟರೆ ಬೂದಿ ಹೋಗುತ್ತದೆ ಅನ್ನುವುದು ಬೇರೆ ಮಾತು.

ಕೋಣೆಯ ವಿಷಯ ಬಿಡು. ಶಾಲೆಯ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿದೆ. ಯಂತ್ರ ಹೊತ್ತುಕೊಂಡು ಬರಲಾ? ನಾನು ಚೆನ್ನಾಗಿದ್ದೇನೆ.

ನಿನಗೆ ಸಾಲು:

ಚಿಮಣಿಯ ಬಾಯಿಗೆ ಮುಚ್ಚಳ ಎಂದಿಗೆ?

ಅತ್ತಿಗೆ


ಫೆಬ್ರವರಿ 9
ಹಡಗಿನಿಂದ

ಅತ್ತಿಗೆ,

ಕಡಲಿನ ಕಂಬಕ್ಕೆ ರೆಕ್ಕೆ ಬಂದಂದಿಗೆ.

ಪಟ್ಟಿ ಬಂತು. ಕೊರಳಿಗೆ ಹಾಕಿಕೊಂಡರೆ ನಿಮ್ಮ ಅಡುಗೆಮನೆಯೇ ಹೆಗಲ ಮೇಲೆ ಕೂತ ಹಾಗಿದೆ. ಹಡಗಿನವರು "ಏನಮ್ಮಾ, ಹೂವಿನ ಹಾರ?" ಅಂತ ಆಡಿಕೊಳ್ಳುತ್ತಾರೆ. ಹೊಟ್ಟೆಕಿಚ್ಚು.

ಗಾಳಿಕಂಬಗಳ ಕೊಳವೆ ಎಲ್ಲ ನೆಟ್ಟಾಯಿತು. ಈಗ ಉಳಿದಿರುವುದು ನಡುವಿನ ಕಟ್ಟೆ. ಅಷ್ಟೂ ಕಂಬಗಳ ತಂತಿ ಬಂದು ಸೇರುವುದು ಅಲ್ಲಿ. ಅಲ್ಲಿಂದಲೇ ಕರೆಂಟು ದಡಕ್ಕೆ. ಕಟ್ಟೆಗೆ ನಾಲ್ಕು ಕಾಲು. ಎರಡು ನೆಟ್ಟಿದೆ, ಎರಡು ಬಾಕಿ. ಕಟ್ಟೆಯಿಲ್ಲದಿದ್ದರೆ ಕಂಬಗಳೆಲ್ಲ ಸುಮ್ಮನೆ ಕೈ ಬೀಸಿಕೊಂಡು ನಿಲ್ಲಬೇಕು, ಅಣ್ಣನ ಬಸ್ಸಿಗೆ ಕಾದವರ ಹಾಗೆ.

ಸುತ್ತಿಗೆ ಬಿದ್ದಾಗ ಸದ್ದು ನಮ್ಮ ಹಲ್ಲಿನ ಬೇರಿಗೆ ಕೇಳುತ್ತದೆ. ನೀರಿನೊಳಗೆ ಇನ್ನೂ ಜೋರಂತೆ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ, ನೀನು ಕೇಳಿದರೆ ನಗುತ್ತೀಯ. ಕಾಲಿನ ಸುತ್ತ ಸಮುದ್ರದ ತಳದಲ್ಲಿ ತೂತು ತೂತಿನ ಕೊಳವೆ ಹಾಸಿ, ಅದಕ್ಕೆ ಗಾಳಿ ಊದುತ್ತಾರೆ. ಕೆಳಗಿಂದ ಮೇಲಿನವರೆಗೆ ಗುಳ್ಳೆಗಳ ಪರದೆ ಏಳುತ್ತದೆ. ಸದ್ದು ಆ ಗುಳ್ಳೆಗಳಿಗೆ ಸಿಕ್ಕಿ ಅರ್ಧಕ್ಕರ್ಧ ಸೋಲುತ್ತದೆ. ಗಾಳಿಯಲ್ಲಿ ಪರದೆ ಹೊಲಿಯುವುದು ನಿನಗೂ ಬರಲಿಕ್ಕಿಲ್ಲ.

ಅಷ್ಟಾದರೂ ಡಾಲ್ಫಿನ್ನುಗಳಿಗೆ ಅಪಾಯವೇ. ಅವುಗಳಿಗೆ ಕಿವಿಯೇ ಕಣ್ಣು. ಅದಕ್ಕೆ ಮೇಲಿನ ಅಟ್ಟದಲ್ಲಿ ಒಬ್ಬರು ದುರ್ಬೀನು ಹಿಡಿದು ಕೂತಿರುತ್ತಾರೆ. ಸುತ್ತಿಗೆ ಎತ್ತುವ ಮೊದಲು ಅರ್ಧ ಗಂಟೆ ಸಮುದ್ರ ನೋಡಬೇಕು. ಕಾಲಿನ ಸುತ್ತ ಗುರುತು ಮಾಡಿದ ವೃತ್ತದೊಳಗೆ ಡಾಲ್ಫಿನ್ನಿನ ಒಂದು ಬೆನ್ನು ಕಂಡರೂ ಕೈ ಎತ್ತುತ್ತಾರೆ. ಕೈ ಎತ್ತಿದರೆ ಮುಗಿಯಿತು, ಸುತ್ತಿಗೆ ಮಾವನೂ ಎದುರಾಡುವ ಹಾಗಿಲ್ಲ. ಮತ್ತೆ ಮೊದಲಿನಿಂದ ಅರ್ಧ ಗಂಟೆ. ಏಪ್ರಿಲ್ ಮುಗಿದರೆ ಅವು ಮರಿ ಹಾಕುವ ಕಾಲ. ಆಮೇಲೆ ಮಳೆ ಮುಗಿದು ಚಳಿ ಬರುವವರೆಗೆ ಸುತ್ತಿಗೆಗೆ ಬೀಗ.

ಬೀಗ ಅಂದದ್ದಕ್ಕೆ ನೆನಪಾಯಿತು, ಉಗ್ರಾಣ ಚೆನ್ನಾಗಿದೆ. ನೀನು ಹೇಗಿದ್ದೀಯ, ನಿಜ ಹೇಳು.

ಸಾಲು: ಅಣ್ಣನ ಬಸ್ಸಿಗೆ ಅಂಗಿಯೂ ಪ್ರಯಾಣಿಕ;

ನಾದಿನಿ


ಫೆಬ್ರವರಿ 24

ನಾದಿನಿ,

ಬಣ್ಣದ ಶಾಲು ಕಂಡರಂತೂ ಖಚಿತ ನಿಲುಗಡೆಕ.

ಪ್ರಾಸ ಸರಿಹೋಗಿಲ್ಲ ಅಂತ ಗೊತ್ತು. ಇವತ್ತು ತಲೆ ಓಡುತ್ತಿಲ್ಲ, ತಲೆ ತುಂಬ ಸಿಟ್ಟಿದೆ.

ನಿಮ್ಮ ಅಟ್ಟದ ಮೇಲಿನ ಆ ಮಹಾನುಭಾವನ ವಿಷಯ ಬಸ್ಸಿನಲ್ಲೆಲ್ಲ ಹಬ್ಬಿದೆ. ಹೆಸರೂ ಇಟ್ಟಾಗಿದೆ, ನಿಲ್ಲಿಸಪ್ಪ. ಹೋದ ವಾರವೆಲ್ಲ ದಿನಾ ಬೆಳಿಗ್ಗೆ ನಿಲ್ಲಿಸಿದನಂತೆ. ಹಾಲಿನವಳು ನನ್ನ ಹತ್ತಿರ, "ಅಕ್ಕಾ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ತಾನೆ ನೋಡಿ. ಮೀನಿಗೆ ಕಿವಿನೋವಂತೆ, ನಮ್ಮ ಮಕ್ಕಳ ಎದೆನೋವು ಕೇಳೋರಿಲ್ಲ" ಅಂದಳು. "ಅದು ಮೀನಲ್ಲ ಕಣೇ, ಮರಿಗೆ ಹಾಲು ಕುಡಿಸತ್ತೆ" ಅಂದೆ. "ಹಾಗಾದ್ರೆ ನನ್ನ ಗಿರಾಕಿ ಆಗಲ್ಲ ಬಿಡಿ" ಅಂದಳು.

ನನಗೂ ಹೊಟ್ಟೆ ಉರಿಯುತ್ತದೆ ಕಣೇ. ಕೋಳಿಮರಿಯನ್ನು ಎರಡು ಸಲ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಆ ನಿಲ್ಲಿಸಪ್ಪ ಎಲ್ಲಿಯವನೋ, ಅವನ ಮನೆ ಕಿಟಕಿ ಕಟ್ಟೆ ಬೆಳ್ಳಗೇ ಇರಬೇಕು. ಕಟ್ಟೆ ಬೆಳ್ಳಗಿದ್ದವರಿಗೆ ಕನಿಕರ ಸಲೀಸು. ನಿನ್ನ ಕಣ್ಣಿಗೆ ಬಿದ್ದರೆ ಒಂದು ಮಾತು ಹೇಳು: ದರ್ಜಿ ಹೆಂಗಸೊಬ್ಬಳು ಕಾದಿದ್ದಾಳೆ, ಸಿಕ್ಕರೆ ನಿನ್ನ ಬಾಯಿ ಹೊಲಿದುಬಿಡುತ್ತಾಳೆ, ಅದೂ ಎರಡು ಮಡಿಕೆ ಹಾಕಿ.

(ಇಲ್ಲಿಂದ ಪೆನ್ಸಿಲು. ಪೆನ್ನು ಎಲ್ಲೋ ಉರುಳಿತು, ಬಗ್ಗಿ ಹುಡುಕಲು ಸೋಮಾರಿತನ.) ಇದನ್ನು ಬರೆದು ಎರಡು ದಿನ ಆಯಿತು. ಏನಿಲ್ಲ, ಹೊಲಿಗೆ ಜಾಸ್ತಿ. ನಾನು ಚೆನ್ನಾಗಿದ್ದೇನೆ. ಒಂದೆರಡು ಕಾಲು ತಾನೇ? ಬೇಗ ನೆಡಲು ಹೇಳು ನಿನ್ನ ಸುತ್ತಿಗೆ ಮಾವನಿಗೆ.

ನಿನ್ನ ಸಾಲು ಕಳಿಸು, ಈ ಸಲ ನೀನೇ ಮೊದಲು.

ಅತ್ತಿಗೆ


ಮಾರ್ಚ್ 10
ಹಡಗಿನಿಂದ

ಅತ್ತಿಗೆ,

ಮೂರನೆಯ ಕಾಲು ನಿಂತಿತು! ಸುತ್ತಿಗೆ ಮಾವ ಟೋಪಿಗೆ ಮುತ್ತಿಟ್ಟರು.

ನಿಲ್ಲಿಸಪ್ಪನಿಗೆ ನಿನ್ನ ಮಾತು ತಲುಪಿಸಿದ್ದೇನೆ. ಬಾಯಿ ಮುಟ್ಟಿಕೊಂಡು ನೋಡಿಕೊಂಡ, ಪಾಪ. ಅವನ ಪರ ವಹಿಸುತ್ತೇನೆ ಅಂದುಕೊಳ್ಳಬೇಡ. ಆದರೆ ಹೋದ ವಾರ ವೃತ್ತದ ಅಂಚಿನಲ್ಲಿ ಒಂದು ತಾಯಿ ಬಂದಿತ್ತು, ಪಕ್ಕದಲ್ಲಿ ಹೋದ ವರ್ಷದ ಮರಿ. ಮರಿ ಉಸಿರಿಗೆ ಮೇಲೆ ಬಂದಾಗಲೆಲ್ಲ ತಾಯಿ ಅದರ ಅಡಿಗೆ ಹೋಗಿ ಬೆನ್ನು ಕೊಡುತ್ತಿತ್ತು. ಅವೂ ಉಸಿರಾಡಲು ಮೇಲೆ ಬರಲೇಬೇಕು ಅತ್ತಿಗೆ, ನಮ್ಮ ಹಾಗೇ. ಆ ಸದ್ದಿಗೆ ಕಿವಿ ಹೋದ ಡಾಲ್ಫಿನ್ನಿಗೆ ಊಟವೂ ಕಾಣುವುದಿಲ್ಲ, ತಾಯಿಯೂ ಕಾಣುವುದಿಲ್ಲ. ಅಟ್ಟದ ಮೇಲೆ ಕೂತವರು ಅದನ್ನು ನೋಡಿಯೂ ಸುಮ್ಮನಿರುವುದು ಹೇಗೆ?

ಹಾಗಂತ ಇಲ್ಲಿ ಕೆಡುಕು ಮಾತ್ರ ಆಗುತ್ತಿದೆ ಅಂತಲೂ ಅಲ್ಲ. ಮೊದಲು ನೆಟ್ಟ ಕೊಳವೆಗಳಿಗೆ ಆಗಲೇ ಕಪ್ಪು ಚಿಪ್ಪುಗಳು ಗುಂಪಾಗಿ ಅಂಟಿವೆ. ಚಿಪ್ಪಿಗೆ ಸಣ್ಣ ಮೀನು, ಸಣ್ಣದಕ್ಕೆ ದೊಡ್ಡದು. ಬರಿ ಮರಳಿದ್ದ ಕಡೆ ಈಗ ಸಂತೆ. ತಮಾಷೆ ಏನು ಗೊತ್ತಾ, ಆ ಮೀನಿನ ಆಸೆಗೇ ಡಾಲ್ಫಿನ್ನು ಮೊದಲಿಗಿಂತ ಹತ್ತಿರ ಬರುತ್ತಿವೆ. ನಾವೇ ಊಟಕ್ಕೆ ಕರೆದು ನಾವೇ ತಮಟೆ ಬಾರಿಸಿ ಓಡಿಸಿದ ಹಾಗೆ. ಹಕ್ಕಿಗಳ ಕತೆ ಇನ್ನೂ ಗೊತ್ತಿಲ್ಲ. ಕೆಲವು ಕಂಬ ಕಂಡು ದೂರದಿಂದಲೇ ಸುತ್ತಿ ಹೋಗುತ್ತವೆ. ರೆಕ್ಕೆ ತಿರುಗಿದ ಮೇಲೆ ಎಷ್ಟು ಸುತ್ತಿ ಹೋಗುತ್ತವೋ, ಎಷ್ಟು ಬೀಳುತ್ತವೋ. ನಿಮ್ಮ ಚಿಮಣಿ ತಿಂದ ಹಕ್ಕಿಗಳನ್ನು ಯಾರೂ ಎಣಿಸಿರಲಿಲ್ಲ, ಅದೂ ನಿಜ. ಯೋಚನೆ ಮಾಡಿದರೆ ತಲೆ ಕೆಟ್ಟು ಕೆರ ಹಿಡಿಯುತ್ತದೆ.

ಒಂದೇ ಕಾಲು ಬಾಕಿ. ನೀನು ಅಲ್ಲಿಯವರೆಗಾದರೂ ನನ್ನ ಕೋಣೆಗೆ ಹೋಗು. ಪೆನ್ಸಿಲಿನಲ್ಲಿ ಬರೆದ ಅಕ್ಷರ ನನಗೆ ಇಷ್ಟವಾಗಲಿಲ್ಲ.

ಸಾಲು:

ಮೂರು ಕಾಲಿನ ಕಟ್ಟೆ ಕಾದಿದೆ ಕಡಲಲ್ಲಿ;

ನಾದಿನಿ


ಮಾರ್ಚ್ 30
ಹಡಗಿನಿಂದ

ಅತ್ತಿಗೆ,

ದೋಣಿ ಬಂತು, ಈರುಳ್ಳಿ ಬಂತು, ನಿನ್ನ ಸಾಲು ಬರಲಿಲ್ಲ. ಅದಕ್ಕೂ ಹಿಂದಿನ ದೋಣಿಯಲ್ಲೂ ಇಲ್ಲ.

ಸಿಟ್ಟಾ? ನಿಲ್ಲಿಸಪ್ಪನನ್ನು ಬಿಟ್ಟುಕೊಡಲಿಲ್ಲ ಅಂತ ತಾನೇ? ಕಾಲೇಜಿನಲ್ಲೂ ಹೀಗೇ ಮಾಡುತ್ತಿದ್ದೆ. ಮುನಿಸು ಬಂದರೆ ಬೆಂಚಿನ ಆ ತುದಿಗೆ ಸರಿದು ಕೂರುತ್ತಿದ್ದೆ, ಪ್ರಾಸಕ್ಕೆ ಮಾತ್ರ ಚೀಟಿಯಲ್ಲಿ ಉತ್ತರ ಬರುತ್ತಿತ್ತು. ಸಿಟ್ಟಿದ್ದರೂ ಪ್ರಾಸ ಬಿಡಬಾರದು, ಅದು ನಮ್ಮ ಕರಾರು.

ನಾಲ್ಕನೆಯ ಕಾಲಿಗೆ ಹವೆ ಕೈಕೊಟ್ಟಿದೆ. ಅಲೆ ಇಳಿಯಲಿ ಅಂತ ಕಾಯುತ್ತಿದ್ದೇವೆ.

ಒಂದು ಸಾಲು. ಬೈಗುಳವಾದರೂ ಸರಿ, ಪ್ರಾಸವಿಲ್ಲದಿದ್ದರೂ ಸರಿ.

ನಾದಿನಿ


ಏಪ್ರಿಲ್ 8

ಪುಟ್ಟಿ,

ಅಣ್ಣ ಬರೆಯುವುದು. ನನಗೆ ಬಸ್ಸು ಬರುತ್ತದೆ, ಪತ್ರ ಬರುವುದಿಲ್ಲ. ತಪ್ಪಿದ್ದರೆ ತಿದ್ದಿಕೋ.

ನಿನ್ನ ಅತ್ತಿಗೆ ಆಸ್ಪತ್ರೆಯಲ್ಲಿದ್ದಳು. ಮಾರ್ಚಿ ಮಧ್ಯದಲ್ಲಿ ಸೇರಿಸಿದೆ, ಮೊನ್ನೆ ಮನೆಗೆ ಕರೆತಂದೆ. ಪುಟ್ಟಿಗೆ ಬರೆಯಬೇಡಿ ಅಂದಿದ್ದಳು, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ಸಿಟ್ಟಿಲ್ಲ. ಎರಡು ಪತ್ರವೂ ದಿಂಬಿನ ಕೆಳಗಿವೆ.

ಇನ್ನೊಂದು ವರ್ಷ ಈ ಹೊಗೆ ಕುಡಿಯುವುದು ಬೇಡ ಅಂದರು ಡಾಕ್ಟರು. ಇವಳು "ಒಂದೇ ಕಾಲು ಬಾಕಿ ಇದೆ ಡಾಕ್ಟ್ರೇ, ಆಮೇಲೆ ಹೊಗೆಯೇ ಇರಲ್ಲ" ಅಂದಳು. ಅವರಿಗೆ ಏನೂ ಅರ್ಥವಾಗಲಿಲ್ಲ, ಕಾಲು ನೋಡಿದರು. ಬೇರೆ ಊರಿಗೆ ಹೋಗು ಅಂದರೆ ಕೇಳುತ್ತಿಲ್ಲ. ಬೀದಿಯವರೆಲ್ಲ ಇಲ್ಲಿ ಕೆಮ್ಮುವಾಗ ನಾನೊಬ್ಬಳೇ ಎಲ್ಲಿಗೆ ಹೋಗಲಿ, ಇನ್ನೆಷ್ಟು ದಿನ, ಕಾಯುತ್ತೇನೆ ಅನ್ನುತ್ತಾಳೆ. ಆ ಕಾಲಿನ ಮೇಲೇ ನಿಂತಿದ್ದಾಳೆ.

ಪುಟ್ಟಿ, ಇನ್ನೊಂದು. ಹಡಗಿನ ಹುಡುಗರು ರಜೆಗೆ ಬರುವಾಗ ನನ್ನ ಬಸ್ಸಿಗೇ ಹತ್ತುವುದು. ನಿಲ್ಲಿಸಪ್ಪ ಗಂಡಸಲ್ಲ ಅಂತ ಅವರು ಹೇಳಿದರು. ಒಬ್ಬರು ಮೇಡಂ, ಕೊರಳಲ್ಲಿ ಹಳದಿ ಹೂವಿನ ಪಟ್ಟಿ ಹಾಕಿಕೊಂಡಿರುತ್ತಾರೆ ಅಂದರು. ಆ ಪರದೆ ಇಪ್ಪತ್ತು ವರ್ಷ ನನ್ನ ಊಟದ ಎದುರಿಗಿತ್ತು.

ನಿನ್ನ ಅತ್ತಿಗೆಗೆ ಹೇಳಿಲ್ಲ. ನಿಲ್ಲಿಸಪ್ಪನಿಗೆ ಬೈಯುವಾಗ ಅವಳಿಗೆ ಉಸಿರು ಸಲೀಸಾಗಿ ಬರುತ್ತದೆ. ಅದನ್ನು ಯಾಕೆ ಕಿತ್ತುಕೊಳ್ಳಲಿ?

ನಾನೇನೂ ಕೇಳುತ್ತಿಲ್ಲ. ನೀನು ನಿನ್ನ ಕೆಲಸ ಮಾಡು. ನಾನೇನೂ ಕೇಳುತ್ತಿಲ್ಲ.

ಅಣ್ಣ


ಏಪ್ರಿಲ್ 30
ಹಡಗಿನಿಂದ

ಅತ್ತಿಗೆ,

ಈ ಪತ್ರ ಕೂತುಕೊಂಡು ಓದು. ಉಸಿರಿನ ಪಂಪು ಪಕ್ಕದಲ್ಲಿಟ್ಟುಕೋ.

ನನ್ನ ಹತ್ತಿರ ಉಗ್ರಾಣವೂ ಇಲ್ಲ, ಬೀಗದ ಕೈಯೂ ಇಲ್ಲ. ನೀನು ಹೊಲಿದ ಪಟ್ಟಿಯಲ್ಲಿ ನೇತಾಡುವುದು ದುರ್ಬೀನು. ನಿಲ್ಲಿಸಪ್ಪ ನಾನೇ. ಮೊದಲು ನಾಚಿಕೆಗೆ ಹೇಳಲಿಲ್ಲ. ಸಮುದ್ರ ನೋಡುತ್ತಾ ಕೂರುವುದಕ್ಕೆ ಸಂಬಳ ಅಂದರೆ ನೀನು ಬಿದ್ದು ಬಿದ್ದು ನಗುತ್ತೀಯ, ನಕ್ಕರೆ ಕೆಮ್ಮು ಬರುತ್ತದೆ ಅಂತ. ಆಮೇಲೆ ನೀನು ಬಾಯಿ ಹೊಲಿಯುವ ಮಾತಾಡಿದ ಮೇಲೆ ಹೆದರಿಕೆಗೆ ಹೇಳಲಿಲ್ಲ.

ನೀನು ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಾಗಿದೆ. ಅಣ್ಣನಿಗೆ ಬೈಯಬೇಡ. ಗೊತ್ತಾದ ಮೇಲೂ ನಾನು ಏನು ಮಾಡಿದೆ ಅನ್ನುವುದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು.

ಇವತ್ತೇ ಕೊನೆಯ ದಿನ. ತಿಂಗಳಿಡೀ ಕುಣಿದ ಸಮುದ್ರ ಮಧ್ಯಾಹ್ನ ಇಳಿಯಿತು. ನಾಲ್ಕನೆಯ ಕಾಲನ್ನು ಎತ್ತಿ ನಿಲ್ಲಿಸಿದ್ದರು, ಗುಳ್ಳೆಪರದೆ ಎದ್ದಿತ್ತು, ಸುತ್ತಿಗೆ ಮೇಲಿತ್ತು. ಅರ್ಧ ಗಂಟೆ ಸಮುದ್ರ ಖಾಲಿ ಇದ್ದರೆ ಸಾಕು, ಕತ್ತಲಿಗೆ ಮೊದಲು ಕಾಲು ನೆಲಕ್ಕೆ ಇಳಿಯುತ್ತಿತ್ತು. ನಾನು ದುರ್ಬೀನು ಕಣ್ಣಿಗೆ ಒತ್ತಿಕೊಂಡು, ಖಾಲಿ ಇರಲಿ, ಖಾಲಿ ಇರಲಿ ಅಂತ ಅಂದುಕೊಳ್ಳುತ್ತಿದ್ದೆ. ನೋಡುವ ಕೆಲಸದವಳು ಹಾಗೆ ಅಂದುಕೊಳ್ಳಬಾರದು.

ಅರ್ಧ ಗಂಟೆ ಇನ್ನೇನು ಮುಗಿಯಬೇಕು, ಮೂರನೆಯ ಕಾಲಿನ ಆಚೆ ಏನೋ ಕಂಡಿತು. ಚಿಕ್ಕದು. ಕಪ್ಪಗೆ ಒಂದು ಬಾಗು, ಒಂದೇ ಸಲ. ಸುತ್ತ ಯಾರೂ ನೋಡಲಿಲ್ಲ.

ನೀನೇ ಕಣ್ಣ ಮುಂದೆ ಬಂದೆ. ಕಿಟಕಿ ಕಟ್ಟೆ ಒರೆಸುತ್ತಾ ನಿಂತಿದ್ದೆ.

ಕೈ ಎತ್ತಿದೆ.

ಸುತ್ತಿಗೆ ಮಾವ ಅಟ್ಟ ಹತ್ತಿ ಬಂದರು. ಟೋಪಿ ಕೈಯಲ್ಲಿತ್ತು, ಆದರೆ ಅದಕ್ಕೆ ಬೈಯಲಿಲ್ಲ.

"ಏನು ಕಂಡಿತಮ್ಮಾ?"

"ಬೆನ್ನು ಅನ್ಸತ್ತೆ. ಮರಿ ಇರಬೇಕು."

"ಅಲೆ ಇರಬಹುದಲ್ವಾ?"

"ಇರಬಹುದು ಮಾವ."

"ಮತ್ತೆ?"

"ಮರಿಯೂ ಇರಬಹುದು."

ಅವರು ಸುಮಾರು ಹೊತ್ತು ನೀರು ನೋಡಿದರು. "ಸರಿ ಬಿಡು. ನಿಲ್ಲಿಸೋಕೆ ತಾನೇ ನಿನ್ನ ಇಟ್ಕೊಂಡಿರೋದು" ಅಂದು ಇಳಿದುಹೋದರು. ಮತ್ತೆ ಅರ್ಧ ಗಂಟೆ ಎಣಿಸಲು ಶುರು ಮಾಡುವಷ್ಟರಲ್ಲಿ ಗಾಳಿ ಎದ್ದಿತು, ಅಲೆ ಬೆಳೆಯಿತು, ಬೆಳಕು ಹೋಯಿತು. ಕಾಲನ್ನು ಮತ್ತೆ ಹಡಗಿನ ಮೇಲೆ ಮಲಗಿಸಿದರು. ಚಳಿಗಾಲದವರೆಗೆ ಅದು ಅಲ್ಲೇ. ನಿಮ್ಮ ಚಿಮಣಿಯೂ ಅಲ್ಲಿಯವರೆಗೆ ಉರಿಯುತ್ತದೆ.

ಅದು ಮರಿಯೋ ಅಲೆಯೋ ನನಗೆ ಈಗಲೂ ಗೊತ್ತಿಲ್ಲ ಅತ್ತಿಗೆ. ಖಚಿತವಾಗಿ ಗೊತ್ತಿದ್ದರೆ ಈ ಪತ್ರ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅಲೆಯಾಗಿದ್ದರೆ ಒಂದು ಅಲೆಗಾಗಿ ನಿನ್ನನ್ನು ಚಳಿಗಾಲದವರೆಗೆ ಹೊಗೆಯಲ್ಲಿ ಕೂರಿಸಿದೆ.

ತಂತಿ ಹಾಸುವ ಕೆಲಸ ಮುಂದುವರಿಯುತ್ತದೆ, ಅದಕ್ಕೆ ಸುತ್ತಿಗೆ ಬೇಡ. ನಾನೂ ಹಡಗಿನಲ್ಲೇ ಇರುತ್ತೇನೆ, ಕಂಬಗಳ ಸುತ್ತ ಏನು ಬಂತು ಏನು ಹೋಯಿತು ಅಂತ ನೋಡಲು. ನನ್ನ ಕೋಣೆ ಖಾಲಿಯೇ ಇದೆ. ಹೋಗು ಅಂತ ಹೇಳುವ ಮುಖ ನನಗಿಲ್ಲ. ಆದರೂ ಹೋಗು.

ಹಳೇ ಸಾಲಿಗೇ ನೀನಿನ್ನೂ ಉತ್ತರ ಕೊಟ್ಟಿಲ್ಲ. ಹೊಸದು ಕಳಿಸುತ್ತಿಲ್ಲ.

ನಾದಿನಿ


ಮೇ 9

ಪುಟ್ಟಿ,

ಓದಿದಳು. ಎರಡು ಸಲ ಓದಿದಳು.

ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಹೊಲಿದಳು. ಸೂಜಿಯಲ್ಲಿ ದಾರ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು ಅನ್ನಿಸುತ್ತದೆ.

ನಿಮಗೆ ಮೊದಲೇ ಗೊತ್ತಿತ್ತಾ ಅಂತ ನನ್ನನ್ನು ಕೇಳಿದಳು. ಹೂಂ ಅಂದೆ. ಈಗ ನನ್ನ ಜೊತೆಗೂ ಮಾತಿಲ್ಲ. ನನಗೆ ಅದು ಅಷ್ಟು ಕಷ್ಟವಿಲ್ಲ, ಅಭ್ಯಾಸ ಇದೆ. ನಿನಗೆ ಅಭ್ಯಾಸ ಇಲ್ಲ, ಅದಕ್ಕೇ ಬರೆದೆ.

ಊಟ ಸರಿಯಾಗಿ ಮಾಡು.

ಅಣ್ಣ


ಮೇ 28
ಬಂದರಿನ ಕೋಣೆಯಿಂದ

ನಿಲ್ಲಿಸಮ್ಮನವರಿಗೆ,

ವಿಳಾಸ ನೋಡಿದೆ ತಾನೇ? ನಿನ್ನದೇ ಮೇಜು, ನಿನ್ನದೇ ಮುರುಕು ಕುರ್ಚಿ. ಇದಕ್ಕೆ ಅಡುಗೆಮನೆ ಅನ್ನುತ್ತಾರಾ? ಪಾತ್ರೆ ಅಂತ ಇರುವುದು ಒಂದು, ಅದಕ್ಕೂ ಹಿಡಿ ಇಲ್ಲ. ಸಕ್ಕರೆ ಡಬ್ಬಿಯಲ್ಲಿ ಮೊಳೆ ಇವೆ. ಉಗ್ರಾಣದ ಸುಳ್ಳನ್ನು ನಾನು ನಂಬಿದೆನಲ್ಲ, ನನ್ನ ಬುದ್ಧಿಗೆ ಮೊಳೆ ಹೊಡೆಯಬೇಕು.

ಸಿಟ್ಟು ಬಂದಿತ್ತು. ಚೆನ್ನಾಗೇ ಬಂದಿತ್ತು. ಸುಳ್ಳು ಹೇಳಿದ್ದಕ್ಕಲ್ಲ. ಆ ಒಂದು ಕಾಲಿನ ಮೇಲೆ ನಾನು ಎಷ್ಟು ಭಾರ ಹಾಕಿದ್ದೆ ಅಂತ ಅದು ಬಿದ್ದಮೇಲೆ ಗೊತ್ತಾಯಿತು. ನಿನ್ನ ಕೈ ನೆನೆಸಿಕೊಂಡು ಯಂತ್ರ ತುಳಿದೆ. ದಾರವಿಲ್ಲದ ಸೂಜಿ ಬಟ್ಟೆಯ ತುಂಬ ತೂತು ಮಾಡಿತು, ಒಂದನ್ನೂ ಕೂಡಿಸಲಿಲ್ಲ. ನೋಡುತ್ತಾ ಕೂತೆ. ನಿನ್ನ ಗುಳ್ಳೆಯ ಕೊಳವೆ ನೆನಪಾಯಿತು.

ಆಸ್ಪತ್ರೆಯಲ್ಲಿ ನನಗೆ ಆಮ್ಲಜನಕ ಕೊಟ್ಟಿದ್ದರು. ಮೂಗಿಗೆ ಬರುವ ಮೊದಲು ಅದು ಗೋಡೆಯ ಮೇಲಿನ ಒಂದು ಸಣ್ಣ ನೀರಿನ ಬಾಟಲಿಯೊಳಗೆ ಹಾದು ಬರುತ್ತದೆ. ಹಗಲಿಡೀ ಗುಳುಗುಳು ಗುಳ್ಳೆ. ಪಕ್ಕದ ಮಂಚದವರಿಗೆ ಅದು ಕಿರಿಕಿರಿ, ನನಗೆ ಸಮಾಧಾನ. ಅಲ್ಲಿ ಗುಳ್ಳೆಪರದೆ ಹಾಕಿ ಯಾರನ್ನೋ ಕಾಪಾಡುತ್ತಿದ್ದಾರೆ ಅಂತ ನಾದಿನಿ ಬರೆದಿದ್ದಳು, ಇಲ್ಲಿ ನನಗೂ ಒಂದು ಪರದೆ ಅಂದುಕೊಳ್ಳುತ್ತಿದ್ದೆ. ಆಗ ಅದು ಚಂದ ಅನ್ನಿಸಿ, ಈಗ ನಿನ್ನ ಮೇಲೆ ಸಿಟ್ಟು ಮಾಡಿದರೆ ಅದು ಯಾವ ನ್ಯಾಯ?

ಇನ್ನು ಅಲೆಯೋ ಮರಿಯೋ ಅನ್ನುವ ನಿನ್ನ ಗೋಳು. ನಿನ್ನ ಅಣ್ಣ ಬೇಲಿಯ ಅಂಗಿಗೆ ಬಸ್ಸು ನಿಲ್ಲಿಸಿದ ಮನುಷ್ಯ. ನಾನು ಅವರ ಜೊತೆ ಇಪ್ಪತ್ತು ವರ್ಷ ಬಾಳಿದ್ದೇನೆ. ಅಂಗಿಗೆ ನಿಲ್ಲಿಸದವನು ಮನುಷ್ಯನಿಗೂ ಒಂದು ದಿನ ನಿಲ್ಲಿಸುವುದಿಲ್ಲ ಅಂತ ಗೊತ್ತಿದ್ದೇ ಅವರನ್ನು ಕಟ್ಟಿಕೊಂಡದ್ದು. ನಿಮ್ಮದು ನಿಲ್ಲಿಸುವ ವಂಶ. ತಡವಾಗಿ ಊರು ಸೇರುವುದು ನನ್ನ ಹಣೆಬರಹ.

ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಸಿಹಿ ಸವರುವುದಿಲ್ಲ. ನನಗೆ ನಿನ್ನ ಕೋಣೆ ಇತ್ತು. ಕೋಳಿಮರಿಗೆ ಯಾವ ನಾದಿನಿ ಇದ್ದಾಳೆ? ಹಾಲಿನವಳಿಗೆ? ಬೀದಿ ಪೂರ್ತಿ ನಿನ್ನ ಕೋಣೆಯಲ್ಲಿ ಹಿಡಿಯುವುದಿಲ್ಲ. ನೀನು ಕೈ ಎತ್ತಿದ್ದು ಸರಿ ಅಂತ ನಾನು ಹೇಳಬಹುದು, ಅವರ ಪರವಾಗಿ ಹೇಳಲು ನನಗೆ ಹಕ್ಕಿಲ್ಲ. ನೀನೂ ಅದನ್ನು ಮರೆಯಬೇಡ. ಚಳಿ ಬಂದ ಮೊದಲ ದಿನವೇ ಆ ಕಾಲು ನೆಡಿಸು. ಅಲ್ಲಿಯವರೆಗೆ ನನ್ನ ಕೈಲಾದದ್ದು ಮಾಡಿದ್ದೇನೆ: ಕೋಳಿಮರಿಯನ್ನೂ ಅದರ ತಾಯಿಯನ್ನೂ ಜೊತೆಗೇ ಕರೆತಂದಿದ್ದೇನೆ. ನಿನ್ನ ಮಂಚ ಅವರಿಗೆ, ಚಾಪೆ ನನಗೆ. ನೀನು ರಜೆಗೆ ಬಂದರೆ ಮೇಜಿನ ಕೆಳಗೆ ಜಾಗ ಇದೆ, ಕಾಲು ಮಡಚಿಕೊಳ್ಳಬೇಕು.

ನಿನ್ನ ಅಣ್ಣ ವಾರದ ರಜೆಯಲ್ಲಿ ಬರುತ್ತಾರೆ. ಹೋದ ಸಲ ಹೊಲಿಗೆ ಯಂತ್ರವನ್ನು ಬಸ್ಸಿನಲ್ಲೇ ಹೇರಿಕೊಂಡು ಬಂದರು, ಅದಕ್ಕೊಂದು ಟಿಕೆಟ್ಟೂ ಹರಿದರು. ಸಮವಸ್ತ್ರದ ಗಿರಾಕಿಗಳು ಹೋದರು, ಇಲ್ಲಿ ಹಡಗಿನ ಹುಡುಗರ ಹರಿದ ಚಡ್ಡಿಗಳು ಸಿಕ್ಕಿವೆ. ಹೊಲಿಯುತ್ತಾ ಅವರ ಬಾಯಿಂದ ನಿನ್ನ ಚಾಡಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೇನೆ. ಪಟ್ಟಿ ಸವೆದು ದಾರ ಎದ್ದಿದೆಯಂತೆ, ಒಬ್ಬ ಹೇಳಿದ. ಹೊಸದೊಂದು ಇದರ ಜೊತೆಗಿದೆ. ಈ ಸಲ ದುರ್ಬೀನಿಗೆ ಅಂತ ಗೊತ್ತಿದ್ದೇ ಹೊಲಿದದ್ದು, ಹಾಗಾಗಿ ಎರಡು ಮಡಿಕೆ ಹಾಕಿದ್ದೇನೆ. ಬಾಯಿಗೆ ಅಂತ ಎತ್ತಿಟ್ಟಿದ್ದ ದಾರ ಇದಕ್ಕೇ ಖರ್ಚಾಯಿತು.

ಇವತ್ತು ಬೆಳಿಗ್ಗೆ ಎದ್ದು, ಅಭ್ಯಾಸಬಲ, ಬಿಳಿ ಬಟ್ಟೆ ತೆಗೆದುಕೊಂಡು ನಿನ್ನ ಕಿಟಕಿ ಕಟ್ಟೆ ಒರೆಸಿದೆ. ಬಟ್ಟೆ ನೋಡಿದೆ. ಅನುಮಾನ ಬಂದು ಇನ್ನೊಂದು ಸಲ ಒರೆಸಿದೆ. ಕೋಳಿಮರಿ ಕಟ್ಟೆ ಹತ್ತಿ, "ಅಜ್ಜೀ, ಕೊಳೆ ಎಲ್ಲಿ ಹೋಯ್ತು?" ಅಂತು. ಅಜ್ಜಿ ಅಂದದ್ದಕ್ಕೆ ಕಿವಿ ಹಿಂಡಬೇಕಿತ್ತು, ಹಿಂಡಲಿಲ್ಲ. ಅದರ ತಲೆಯ ಮೇಲಿಂದ ನೋಡಿದರೆ, ದೂರದಲ್ಲಿ ನಿನ್ನ ಕಂಬಗಳು, ಹಲ್ಲಿನ ಸಾಲಿನ ಹಾಗೆ. ನಡುವೆ ಕಟ್ಟೆ, ಕುಂಟಿ. ಅದರ ಹತ್ತಿರ ಎಲ್ಲೋ ನೀನು. ಕಾಣಲಿಲ್ಲ, ಆದರೂ ಕೈ ಬೀಸಿದೆ. ನೀನು ಈ ಕಡೆ ದುರ್ಬೀನು ತಿರುಗಿಸಿದ್ದರೆ ಈ ಕೈ ಕಂಡೂ ಏನನ್ನಾದರೂ ನಿಲ್ಲಿಸುತ್ತಿದ್ದೆ ಅಂತ ಗೊತ್ತು.

ಬಾಕಿ ಇದ್ದ ಸಾಲು ಕಳಿಸಿದ್ದೇನೆ. ಸರಿಯಾಗಿದೆಯಾ ನೋಡು:

ಮೂರು ಕಾಲಿನ ಕಟ್ಟೆ ಕಾದಿದೆ ಕಡಲಲ್ಲಿ;
ಯಾರೂ ಕಾಯದಿದ್ದರೂ ನಾನಿದ್ದೇನೆ ದಡದಲ್ಲಿ.

ಅತ್ತಿಗೆ